ಹಳೆಯ ಮನೆ, ಕಣಜ, ಕೊಟ್ಟಿಗೆ: ಕೆಡವುವ ಮುನ್ನ ಹಾಕಬೇಕಾದ ಲೆಕ್ಕ

ಕರಾವಳಿ ಮತ್ತು ಮಲೆನಾಡಿನ ಜಿಲ್ಲೆಗಳಲ್ಲಿ ಹಳೆಯ ಮರಮುಟ್ಟಿನ ವ್ಯಾಪಾರವು ಸಾಮಾನ್ಯವಾಗಿ ಒಂದೇ ರೀತಿಯಲ್ಲಿ ಆರಂಭವಾಗುತ್ತದೆ. ಕುಟುಂಬದಲ್ಲಿ ಪಾಲುಪಟ್ಟಿಯಾಗುತ್ತದೆ, ಜಮೀನು, ತೋಟಗಳು ಹಂಚಿಹೋಗುತ್ತವೆ, ನಡುವಣ ಹಿರಿಯರ ಮನೆಯೂ ಅದಕ್ಕೆ ಅಂಟಿಕೊಂಡ ಕಣಜ, ಕೊಟ್ಟಿಗೆಗಳೂ ಯಾರಿಗೂ ಬೇಡವಾಗುತ್ತವೆ. ಅಷ್ಟರಲ್ಲಿ ಮರದ ವ್ಯಾಪಾರಿ ಬಂದು ಕಂಬಗಳನ್ನು ಎಣಿಸಿ, ತೊಲೆಗಳನ್ನು ತಟ್ಟಿ ನೋಡಿ, ಇಡೀ ಕಟ್ಟಡಕ್ಕೆ ಒಂದು ಮೊತ್ತ ಹೇಳುತ್ತಾನೆ. ಮಾತು ಕುದುರಿದ ಕೆಲವೇ ದಿನಗಳಲ್ಲಿ ಹಂಚು ಒಂದು ಲಾರಿಗೆ, ತೊಲೆ ಮತ್ತೊಂದಕ್ಕೆ, ಕೆತ್ತನೆಯ ಬಾಗಿಲು ದೂರದ ಯಾವುದೋ ವಿಹಾರಧಾಮಕ್ಕೆ ಹೊರಡುತ್ತವೆ. ಮುರಕಲ್ಲಿನ ಗೋಡೆ ಎರಡು ಮಳೆಗಾಲದಲ್ಲಿ ಕರಗಿ ನೆಲಸಮವಾಗುತ್ತದೆ.

ಮಾರುವವನ ದೃಷ್ಟಿಯಲ್ಲಿ ಇದು ಹಾಳುಮನೆಗೆ ಸಿಕ್ಕಿದ ಹಣ; ಕೊಳ್ಳುವವನ ದೃಷ್ಟಿಯಲ್ಲಿ ಇಂದು ಕಾಡಿನಲ್ಲಿ ದೊರೆಯದ ಗಾತ್ರದ, ಪೂರ್ಣ ಒಣಗಿದ ಮರ. ಇಬ್ಬರ ಲೆಕ್ಕವೂ ಅವರವರ ಮಟ್ಟಿಗೆ ಸರಿಯೇ. ಆದರೆ ಈ ವ್ಯವಹಾರದಲ್ಲಿ ಕಟ್ಟಡವೆಂಬ ವಸ್ತುವಿಗೆ ಬೆಲೆಯೇ ಕಟ್ಟಲಾಗಿಲ್ಲವೆಂಬುದನ್ನು ಗಮನಿಸಬೇಕು. ಇಂತಹ ಕಟ್ಟಡವನ್ನು ನಿಲ್ಲಿಸಿ ದುರಸ್ತಿ ಮಾಡುವುದಾದರೆ ಏನು ಬೇಕು, ಯಾವ ಸಾಮಗ್ರಿ, ಯಾವ ಕೆಲಸಗಾರರು, ಯಾವ ಕಾನೂನು ಎಂಬುದು ಮಾಲೀಕರಿಗೆ ಮಾತ್ರವಲ್ಲದೆ ಹಂಚು, ಸುಣ್ಣ, ಮರ, ಕಬ್ಬಿಣದ ಸಾಮಾನುಗಳ ವ್ಯಾಪಾರಿಗಳಿಗೂ ಸಣ್ಣ ತಯಾರಕರಿಗೂ ತಿಳಿದಿರುವುದು ಒಳಿತು.

ಕಣಜ ಬರಿದಾದ ಬಗೆ

ಕರಾವಳಿಯ ಗುತ್ತಿನ ಮನೆ, ಮಲೆನಾಡಿನ ತೊಟ್ಟಿಮನೆ, ಕೊಡಗಿನ ಐನ್‌ಮನೆ ಇವೆಲ್ಲವನ್ನೂ ವಾಸದ ಮನೆಗಳೆಂದು ಮಾತ್ರ ನೋಡುವುದು ರೂಢಿ. ವಾಸ್ತವವಾಗಿ ಇವು ಕೃಷಿ ಉದ್ಯಮದ ಕಟ್ಟಡಗಳು. ಅಂಗಳದ ವಿಸ್ತಾರವನ್ನು ನಿರ್ಧರಿಸಿದ್ದು ಭತ್ತ ಬಡಿಯುವ, ಅಡಿಕೆ ಒಣಗಿಸುವ ಕೆಲಸ. ಕಣಜದ ಗಾತ್ರವನ್ನು ನಿರ್ಧರಿಸಿದ್ದು ಬರುವ ಗೇಣಿ. ನೆಲದ ತೇವ ತಾಗದಂತೆ ಕಣಜದ ಹಲಗೆಗಳನ್ನು ಎತ್ತರಿಸಿ ಕೂರಿಸಿದ್ದರು. ಅಡಿಗೆಮನೆಯ ಮೇಲಿನ ಅಟ್ಟದಲ್ಲಿ ಬಿತ್ತನೆಯ ಬೀಜ, ಅಕ್ಕಿಮುಡಿ, ಒಣಗಿದ ತೆಂಗಿನಕಾಯಿ ಇರುತ್ತಿದ್ದವು. ಒಲೆಯ ಹೊಗೆ ಅವುಗಳನ್ನೂ ಮಾಡಿನ ಮರಗಳನ್ನೂ ಹುಳುವಿನಿಂದ ಕಾಪಾಡುತ್ತಿತ್ತು. ಕೊಟ್ಟಿಗೆಯ ಮೇಲಿನ ಅಟ್ಟ ಬೈಹುಲ್ಲಿಗೆ. ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಒಂದಕ್ಕೊಂದು ಹೊಂದಿಕೊಂಡ ಈ ವ್ಯವಸ್ಥೆಯಲ್ಲಿ ಉಪಯೋಗವಿಲ್ಲದ ಅಂಕಣವೆಂಬುದು ಇರಲಿಲ್ಲ.

ಈ ವ್ಯವಸ್ಥೆ ಸಡಿಲಗೊಂಡದ್ದು ಹಂತಹಂತವಾಗಿ. ಅಳಿಯಕಟ್ಟಿನ ಕುಟುಂಬಗಳಲ್ಲಿ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ, ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪಾಲಿನ ಹಾದಿಯನ್ನು ತೆರೆದವು. ಭೂಸುಧಾರಣೆಯ ತಿದ್ದುಪಡಿಯಂತೆ 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರಕಾರದಲ್ಲಿ ನಿಹಿತಗೊಂಡು, ಉಳುವವರು ಒಡೆಯರಾದರು. ಸಾವಿರಾರು ಗೇಣಿದಾರರ ಬಾಳು ಹಸನಾದ ಈ ನ್ಯಾಯವಾದ ಸುಧಾರಣೆಯ ಇನ್ನೊಂದು ಪರಿಣಾಮವೆಂದರೆ ದೊಡ್ಡ ಮನೆಗಳ ಕಣಜಗಳು ಒಮ್ಮೆಲೇ ಬರಿದಾದದ್ದು. ಮುಂದೆ ಗದ್ದೆಗಳು ಅಡಿಕೆ, ರಬ್ಬರ್ ತೋಟಗಳಾದವು. ಹಟ್ಟಿಯಲ್ಲಿ ದನಗಳು ಕಡಮೆಯಾದವು. ಅಡಿಗೆಗೆ ಅನಿಲ ಬಂದು ಹೊಗೆ ನಿಂತಿತು. ಹೊಗೆ ನಿಂತ ಮೇಲೆ ಗೆದ್ದಲಿಗೂ ಮರ ಕೊರೆಯುವ ಹುಳುವಿಗೂ ಅಡ್ಡಿಯಿಲ್ಲದಂತಾಯಿತು. ಅನೇಕ ಮನೆಗಳು ಕುಸಿದದ್ದು ಬಡತನದಿಂದಲ್ಲ. ಕೆಲಸ ತಪ್ಪಿದ ಕಟ್ಟಡವನ್ನು ನೋಡಿಕೊಳ್ಳುವವರಿಲ್ಲದ್ದರಿಂದ.

ಮಾಡಿನ ಲೆಕ್ಕ

ದುರಸ್ತಿಯಲ್ಲಿ ಮೊದಲ ಗಮನ ಮಾಡಿಗೆ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಒಂದೇ ಹಂಚು ಒಡೆದರೂ ಅದರ ಕೆಳಗಿನ ರೀಪು, ಅದರ ಕೆಳಗಿನ ಪಕ್ಕಾಸು, ಕೊನೆಗೆ ಗೋಡೆಯ ಮೇಲೆ ಕುಳಿತ ತೊಲೆಯ ತುದಿ, ಹೀಗೆ ಕೊಳೆಯುವಿಕೆ ಇಳಿಯುತ್ತ ಹೋಗುತ್ತದೆ. ವರ್ಷಕ್ಕೊಮ್ಮೆ ಮಾಡಿಗೆ ಹತ್ತಿ ಒಡಕು ಹಂಚು ಬದಲಿಸುವ ಸಣ್ಣ ಖರ್ಚನ್ನು ಉಳಿಸಲು ಹೋಗಿ ಮನೆ ಕಳೆದುಕೊಂಡವರ ಸಂಖ್ಯೆ ದೊಡ್ಡದು.

ಈ ಪ್ರದೇಶದ ಮಾಡುಗಳು ಮೊದಲು ಮುಳಿಹುಲ್ಲಿನವು ಅಥವಾ ಕುಂಬಾರರ ನಾಡಹಂಚಿನವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಸಂಸ್ಥೆಯು 1865ರಲ್ಲಿ ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿತು. ಅದರ ಹಿಂದಿದ್ದವರು ಜಾರ್ಜ್ ಪ್ಲೆಬ್ಸ್ಟ್. ಒಂದಕ್ಕೊಂದು ಕೊಂಡಿಯಂತೆ ಕೂಡಿಕೊಳ್ಳುವ ಹಂಚನ್ನು 1841ರಲ್ಲಿ ರೂಪಿಸಿದ ಕೀರ್ತಿ ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಜಿಲಾರ್ಡೋನಿ ಸೋದರರದು; ಆ ತತ್ತ್ವವೇ ಇಲ್ಲಿನ ನದಿತೀರದ ಜೇಡಿಮಣ್ಣಿನಲ್ಲಿ ಮಂಗಳೂರು ಹಂಚಾಯಿತು. ನದಿಯ ಮಣ್ಣು, ಘಟ್ಟದ ಸೌದೆ, ಹತ್ತಿರದ ಬಂದರು ಮೂರೂ ಒಂದೆಡೆ ಸೇರಿದ್ದರಿಂದ ಉದ್ಯಮ ಬೇಗನೆ ಬೆಳೆದು, ನೇತ್ರಾವತಿ ಮತ್ತು ಗುರುಪುರ ನದಿಗಳ ದಂಡೆಗಳಲ್ಲಿ ಅನೇಕ ಕಾರ್ಖಾನೆಗಳೆದ್ದವು. ಮಣ್ಣಿನ ಅಭಾವ, ಸೌದೆಯ ದರ, ಕೂಲಿಯ ಏರಿಕೆ, ಕಾಂಕ್ರೀಟ್ ತಾರಸಿಯ ಪೈಪೋಟಿ ಇವುಗಳಿಂದ ಅವುಗಳಲ್ಲಿ ಹಲವು ಮುಂದೆ ಬಾಗಿಲು ಹಾಕಿದವು.

ಇದರಿಂದ ದುರಸ್ತಿಗೆ ಒದಗುವ ತೊಡಕನ್ನು ಹಂಚಿನ ವ್ಯಾಪಾರಿಗಳು ಬಲ್ಲರು. ಭಾರತೀಯ ಮಾನಕ 654ರಲ್ಲಿ ಹಂಚಿಗೆ 410 ಗುಣಿಸು 235, 420 ಗುಣಿಸು 250, 425 ಗುಣಿಸು 260 ಮಿ.ಮೀ. ಎಂದು ಮೂರು ಅಳತೆಗಳಿವೆ. ಅಳತೆ ಒಂದೇ ಆಗಿದ್ದರೂ ಅಂಚಿನ ಕೊಂಡಿ, ತೋಡುಗಳು ಕಾರ್ಖಾನೆಯಿಂದ ಕಾರ್ಖಾನೆಗೆ ತುಸು ಬೇರೆ. ಒಂದು ಕಾರ್ಖಾನೆಯ ಹಂಚಿನ ನಡುವೆ ಇನ್ನೊಂದರ ಹಂಚನ್ನು ತೂರಿಸಿದರೆ ಎದ್ದು ನಿಲ್ಲುತ್ತದೆ, ಗಾಳಿಮಳೆಗೆ ನೀರು ಒಳಬರುತ್ತದೆ. ಆದುದರಿಂದ ಅನುಭವಸ್ಥ ಮೇಸ್ತ್ರಿಗಳು ಹಂಚಿನ ಬೆನ್ನಿನ ಮುದ್ರೆಯನ್ನು ನೋಡಿ ವಿಂಗಡಿಸಿ, ಒಂದೇ ಹೆಸರಿನವನ್ನು ಒಂದು ಇಳಿಜಾರಿಗೆ ಒಟ್ಟುಗೂಡಿಸುತ್ತಾರೆ; ಹೊಸ ಹಂಚನ್ನು ಅಂಗಳದಿಂದ ಕಾಣದ ಹಿಂಬದಿಯ ಮಾಡಿಗೆ ಪೂರ್ತಿಯಾಗಿ ಹೊದಿಸುತ್ತಾರೆ.

ಒಂದು ಮಾದರಿ ಲೆಕ್ಕ ಹೀಗಿದೆ. ನೂರು ಚದರಡಿ ಮಾಡಿಗೆ ಸುಮಾರು 140ರಿಂದ 150 ಹಂಚು ಬೇಕು. ಮೂರು ಸಾವಿರ ಚದರಡಿಯ ಇಳಿಜಾರು ಇರುವ ಮನೆಗೆ 145ರಂತೆ 4,350 ಹಂಚಾಯಿತು. ಐದರಲ್ಲೊಂದು ಪಾಲು ಒಡೆದಿದ್ದರೆ ಕೊಳ್ಳಬೇಕಾದದ್ದು 870. ಉಳಿದದ್ದು ಇಳಿಸಿ, ಪಾಚಿ ಕೆರೆದು, ತಟ್ಟಿ ನಾದ ನೋಡಿ ಮತ್ತೆ ಏರಿಸುವ ಕೂಲಿ. ಅಂದರೆ ದುರಸ್ತಿಯ ಅಂದಾಜಿನಲ್ಲಿ ಸಾಮಗ್ರಿಗಿಂತ ಮಜೂರಿಯ ಪಾಲು ದೊಡ್ಡದು. ಹೊಸ ಕಾಂಕ್ರೀಟ್ ಕಟ್ಟಡದಲ್ಲಿ ಸಾಮಾನ್ಯವಾಗಿ ಇದರ ವಿಲೋಮ. ಹಂಚೊಂದರ ತೂಕ ಎರಡೂವರೆ ಕಿಲೋ ಎಂದು ಹಿಡಿದರೂ ಆ ಮಾಡಿನ ಮೇಲೆ ಹತ್ತು ಟನ್ನಿಗೂ ಮಿಕ್ಕಿದ ಭಾರವಿರುತ್ತದೆ. ಒಂದು ಪಕ್ಕದ ಹಂಚನ್ನೆಲ್ಲ ಒಮ್ಮೆಗೇ ಇಳಿಸಿದರೆ ಹಳೆಯ ಚೌಕಟ್ಟು ಒಂದು ಕಡೆಗೆ ವಾಲುವ ಅಪಾಯವಿದೆ. ಎರಡೂ ಪಕ್ಕಗಳಿಂದ ಸಮನಾಗಿ ಇಳಿಸಬೇಕೆಂಬುದನ್ನು ಗುತ್ತಿಗೆಯ ಕರಾರಿನಲ್ಲಿಯೇ ಬರೆಯುವುದು ಕ್ಷೇಮ.

ಸಿಮೆಂಟಿನ ಉಪಕಾರ

ಒಳ್ಳೆಯ ಉದ್ದೇಶದಿಂದ ನಡೆಯುವ ಹಾನಿಗಳಲ್ಲಿ ಮೊದಲನೆಯದು ಹಳೆಯ ಗೋಡೆಗೆ ಸಿಮೆಂಟ್ ಗಿಲಾವು. ಮುರಕಲ್ಲು ಮತ್ತು ಮಣ್ಣಿನ ಗೋಡೆಗಳು ನೆಲದಿಂದ ತೇವವನ್ನು ಎಳೆದುಕೊಂಡು ಮೈಮೂಲಕ ಹೊರಬಿಡುತ್ತವೆ. ಸುಣ್ಣದ ಗಿಲಾವು ಇದಕ್ಕೆ ಎಡೆಗೊಡುತ್ತದೆ. ಸಿಮೆಂಟು ಗಟ್ಟಿಯಾದದ್ದು, ನೀರಾವಿಗೆ ದಾರಿ ಬಿಡದು. ತೇವ ಒಳಗೇ ಉಳಿದು, ಅದರೊಡನೆ ಬಂದ ಲವಣಗಳು ಗಿಲಾವಿನ ಹಿಂಬದಿಯಲ್ಲಿ ಹರಳುಗಟ್ಟಿ, ಕಲ್ಲಿನ ಮೈಯನ್ನೇ ಪುಡಿ ಮಾಡುತ್ತವೆ. ಕೆಲವು ವರ್ಷಗಳ ಬಳಿಕ ಗಿಲಾವು ಹಲ್ಲೆಯಾಗಿ ಕಳಚಿದಾಗ ಅದರೊಂದಿಗೆ ಗೋಡೆಯ ಒಂದು ಪದರವೂ ಬರುತ್ತದೆ. ಮಾಲೀಕನು ಕಲ್ಲು ಕೆಟ್ಟದೆಂದು ಭಾವಿಸಿ ಇನ್ನಷ್ಟು ದಪ್ಪದ ಸಿಮೆಂಟು ಹಾಕಿಸುತ್ತಾನೆ!

ಮುರಕಲ್ಲಿನ ಗುಣವನ್ನು ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಎರಡು ಶತಮಾನಗಳ ಹಿಂದೆಯೇ ಗುರುತಿಸಿದ್ದನು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ, 1807ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅವನು ನೆಲದೊಳಗೆ ಮೆದುವಾಗಿದ್ದು ಗಾಳಿಗೆ ತೆರೆದೊಡನೆ ಗಡುಸಾಗುವ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರಿಟ್ಟನು. ಉಸಿರಾಡಲು ಬಿಟ್ಟರೆ ಗಟ್ಟಿ, ತೇವದಲ್ಲಿ ಮುಚ್ಚಿಟ್ಟರೆ ದುರ್ಬಲ ಎಂಬುದೇ ಇದರ ಸಾರ.

ಸುಣ್ಣದ ಕೆಲಸಕ್ಕೆ ತಾಳ್ಮೆ ಬೇಕು. ಕರಾವಳಿಯಲ್ಲಿ ಚಿಪ್ಪನ್ನೂ ಒಳನಾಡಿನಲ್ಲಿ ಸುಣ್ಣಕಲ್ಲನ್ನೂ ಸುಮಾರು 900 ಡಿಗ್ರಿ ಸೆಲ್ಷಿಯಸ್ ಶಾಖದಲ್ಲಿ ಸುಟ್ಟು, ನೀರಿನಲ್ಲಿ ಅರಳಿಸಿ, ವಾರಗಟ್ಟಲೆ ನೀರಿನಡಿಯಲ್ಲಿಯೇ ಕೊಳೆಯಿಸಿಡುತ್ತಾರೆ. ಅರಳದೆ ಉಳಿದ ಕಣಗಳು ಗೋಡೆಗೆ ಹಚ್ಚಿದ ಮೇಲೆ ಅರಳಿದರೆ ಗುಳ್ಳೆಯೇಳುವುದರಿಂದ ಈ ಕಾಯುವಿಕೆ ಅನಿವಾರ್ಯ. ಮರಳಿನೊಂದಿಗೆ ಇಟ್ಟಿಗೆಯ ಪುಡಿ, ಅಂದರೆ ಸುರಕಿ ಬೆರೆಸಿದರೆ ತೇವದಲ್ಲಿಯೂ ಗಡುಸಾಗುವ ಗುಣ ಬರುತ್ತದೆ. ಬೆಲ್ಲ, ಅಳಲೆಕಾಯಿಗಳ ನೀರನ್ನು ಸೇರಿಸುವ ಪದ್ಧತಿಯೂ ದಕ್ಷಿಣ ಭಾರತದಲ್ಲಿ ಹಳೆಯದು. ಗೋಡೆಯ ಮೇಲಿನ ಸುಣ್ಣ ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಾಗುವ ತನಕ ತೆಳುವಾದ ಪದರ, ಒದ್ದೆ ಗೋಣಿ, ನೆರಳು ಬೇಕು. ಹದಿನೈದು ದಿನದಲ್ಲಿ ಮುಗಿಸಿಕೊಡುತ್ತೇನೆಂಬ ಗುತ್ತಿಗೆದಾರನಿಗೆ ಈ ಕೆಲಸ ಒಪ್ಪಿಸಬಾರದು.

ಸಣ್ಣ ತಯಾರಕರಿಗೆ ಇಲ್ಲಿ ಒಂದು ಅವಕಾಶ ಕಾಣುತ್ತದೆ. ದುರಸ್ತಿ ಬಯಸುವ ಮಾಲೀಕನು ತಾನೇ ಗುಂಡಿ ತೋಡಿ ಸುಣ್ಣ ಕೊಳೆಯಿಸಲಾರ. ಅರಳಿಸಿ, ಸೋಸಿ, ಹದಗೊಳಿಸಿದ ಸುಣ್ಣದ ಮುದ್ದೆಯನ್ನು ಡಬ್ಬಿಯಲ್ಲಿ ಮುಚ್ಚಿ ಕೊಟ್ಟರೆ ಕೊಳ್ಳುವನು. ಗಾಳಿ ತಾಗದಂತೆ ಇಟ್ಟರೆ ಈ ಮುದ್ದೆ ಹಳತಾದಷ್ಟೂ ಉತ್ತಮವಾಗುತ್ತದೆ. ದಾಸ್ತಾನು ಕೆಡುವ ಭಯವಿಲ್ಲದ ಸರಕು ಕಟ್ಟಡ ಸಾಮಗ್ರಿಯಲ್ಲಿ ಹೆಚ್ಚಿಲ್ಲ.

ಮರ ಮತ್ತು ಗೇರೆಣ್ಣೆ

ಹಲಸು, ಭೋಗಿ, ಮತ್ತಿ, ಸಾಗುವಾನಿಗಳ ಹಳೆಯ ತೊಲೆ ಸಾಮಾನ್ಯವಾಗಿ ಕೆಡುವುದು ನಡುವಿನಲ್ಲಲ್ಲ, ಗೋಡೆಯೊಳಗೆ ಹುದುಗಿದ ಎರಡು ತುದಿಗಳಲ್ಲಿ. ಹದಿನೆಂಟು ಅಡಿಯ ತೊಲೆಯಲ್ಲಿ ಎರಡಡಿ ಕೊಳೆತರೆ ಇಡೀ ತೊಲೆಯನ್ನು ತೆಗೆಸುವುದು ನಷ್ಟದ ಮಾರ್ಗ. ಕೊಳೆತ ಭಾಗವನ್ನು ಓರೆಯಾಗಿ ಕತ್ತರಿಸಿ, ಅದೇ ಜಾತಿಯ ಒಣಮರದ ತುಂಡನ್ನು ಬೆಸುಗೆ ಕೊಟ್ಟು, ತುಕ್ಕು ಹಿಡಿಯದ ಉಕ್ಕಿನ ಬೋಲ್ಟಿನಿಂದ ಬಿಗಿದರೆ ತೊಲೆ ಮತ್ತೆ ಭಾರ ಹೊರುತ್ತದೆ. ತುದಿಯ ಸುತ್ತ ಗಾಳಿಯಾಡಲು ಬೆರಳಗಲದ ಎಡೆ ಬಿಡಬೇಕು, ಸಿಮೆಂಟಿನಿಂದ ಮೆತ್ತಬಾರದು.

ಗೆದ್ದಲಿಗೆ ಕರಾವಳಿಯ ಹಳೆಯ ಮದ್ದು ಗೇರುಬೀಜದ ಸಿಪ್ಪೆಯ ಎಣ್ಣೆ. ದೋಣಿಯ ಹಲಗೆಗೂ ಮಾಡಿನ ಪಕ್ಕಾಸಿಗೂ ಇದನ್ನು ಬಳಿಯುತ್ತಿದ್ದರು. ಗೇರು ಸಂಸ್ಕರಣೆಯ ಉಪವಸ್ತುವಾಗಿ ಇಂದೂ ದೊರೆಯುವ ಈ ಎಣ್ಣೆ ಹಸಿಯಾಗಿದ್ದಾಗ ಚರ್ಮ ಸುಟ್ಟು ಬೊಬ್ಬೆ ಏಳಿಸುತ್ತದೆಯಾದ್ದರಿಂದ ಕೈಗವಸು ಇಲ್ಲದೆ ಮುಟ್ಟಕೂಡದು. ಬಳಿದ ಮರ ಕಪ್ಪಾಗುತ್ತದೆ. ಕೆತ್ತನೆಯ ಕಂಬಕ್ಕೆ ಇದು ತಕ್ಕುದಲ್ಲ, ಕಣ್ಣಿಗೆ ಬೀಳದ ಮಾಡಿನ ಮರಕ್ಕೆ ಸೈ.

ಹಳೆಯ ಮರದ ವ್ಯಾಪಾರಿಗಳು ತಿಳಿಯಬೇಕಾದ ಕಾಯ್ದೆ

ಖಾಸಗಿ ಕೃಷಿ ಕಟ್ಟಡಗಳಿಗೆ 1958ರ ಕೇಂದ್ರದ ಪ್ರಾಚೀನ ಸ್ಮಾರಕಗಳ ಕಾಯ್ದೆಯಾಗಲಿ, 1961ರ ರಾಜ್ಯದ ಕಾಯ್ದೆಯಾಗಲಿ ಸಂರಕ್ಷಿತವೆಂದು ಘೋಷಿಸದ ಹೊರತು ಅನ್ವಯಿಸುವುದಿಲ್ಲ. ಆದುದರಿಂದ ಕೆಡವಲು ತಡೆಯಿಲ್ಲವೆಂಬ ಭಾವನೆ ವ್ಯಾಪಾರದಲ್ಲಿ ಬೇರೂರಿದೆ. ಕಟ್ಟಡಕ್ಕೆ ಅದು ನಿಜವಿರಬಹುದು, ಕಟ್ಟಡದಿಂದ ಕಳಚಿದ ವಸ್ತುವಿಗೆ ಹಾಗಲ್ಲ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಕಡಮೆಯಿಲ್ಲದ ಕಲಾಕೃತಿ, ಕುಶಲಕೃತಿಗಳಷ್ಟೇ ಅಲ್ಲ, ಕಟ್ಟಡದಿಂದ ಬೇರ್ಪಡಿಸಿದ ಅಷ್ಟೇ ಹಳೆಯ ವಸ್ತುವೂ ಪ್ರಾಚ್ಯವಸ್ತುವಿನ ವ್ಯಾಖ್ಯೆಯೊಳಗೆ ಬರುತ್ತದೆ. ಪ್ರಾಚ್ಯವಸ್ತುಗಳ ವ್ಯಾಪಾರ ನಡೆಸಲು ಪರವಾನಗಿ ಬೇಕು. ಖಾಸಗಿಯವರು ಅವುಗಳನ್ನು ರಫ್ತು ಮಾಡುವಂತಿಲ್ಲ. ಕೆತ್ತನೆಯ ಬಾಗಿಲು, ಬೋದಿಗೆ, ಕಂಬಗಳನ್ನು ಕರಕುಶಲ ವಸ್ತುಗಳೆಂದು ಹೊರದೇಶಕ್ಕೆ ಕಳುಹಿಸುವವರು, ಅವು ಪ್ರಾಚ್ಯವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಪಡೆಯಬೇಕು. ಬಂದರಿನಲ್ಲಿ ಸರಕು ತಡೆಹಿಡಿದ ಮೇಲೆ ಮನೆಯ ವಯಸ್ಸನ್ನು ವಾದಿಸುವುದು ದುಬಾರಿ.

ಮರದ ಸಾಗಣೆಯು 1963ರ ಕರ್ನಾಟಕ ಅರಣ್ಯ ಕಾಯ್ದೆ ಮತ್ತು 1969ರ ನಿಯಮಗಳ ವ್ಯಾಪ್ತಿಗೆ ಸೇರಿದ ವಿಷಯ. ಹಳೆಯ ಮನೆಯ ಮರವೆಂಬ ಬಾಯಿಮಾತು ತನಿಖಾ ಠಾಣೆಯಲ್ಲಿ ನಡೆಯುವುದಿಲ್ಲ. ಲಾರಿ ಹೊರಡುವ ಮುನ್ನ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ ಕಾಗದಪತ್ರ ಸರಿಪಡಿಸಿಕೊಳ್ಳತಕ್ಕದ್ದು.

ಎಬ್ಬಿಸಿ ಒಯ್ಯುವುದು

ಕೆಡವುವುದಕ್ಕೂ ಉಳಿಸುವುದಕ್ಕೂ ನಡುವಣ ದಾರಿಯೊಂದನ್ನು ತೋರಿಸಿದವರು ಮಣಿಪಾಲದ ವಿಜಯನಾಥ ಶೆಣೈ. ಬ್ಯಾಂಕ್ ಉದ್ಯೋಗಿಯಾಗಿದ್ದ ಅವರು ಮನೆಗಳು ಮರದ ಬೆಲೆಗೆ ಮಾರಾಟವಾಗುತ್ತಿದ್ದುದನ್ನು ಕಂಡು, ಮೊದಲು ಬಿಡಿಭಾಗಗಳನ್ನು ಸಂಗ್ರಹಿಸಿ ತಮ್ಮ ಮನೆಯನ್ನೇ ಅವುಗಳಿಂದ ಕಟ್ಟಿದರು. ಮುಂದೆ ಪೂರ್ತಿ ಮನೆಗಳನ್ನೇ ಎಬ್ಬಿಸಿ ತಂದು ಮರುಸ್ಥಾಪಿಸಿದ್ದರ ಫಲವೇ ಹಸ್ತಶಿಲ್ಪ ಪಾರಂಪರಿಕ ಗ್ರಾಮ. ಹರ್ಕೂರು ಒಳಗಿನಮನೆ, ಕುಂಜೂರು ಚೌಕಿಮನೆ, ಮಿಯಾರು ಮನೆಗಳು ಅಲ್ಲಿ ನಿಂತಿವೆ. 2017ರಲ್ಲಿ ಅವರು ನಿಧನ ಹೊಂದಿದರು. ಚೆನ್ನೈ ಬಳಿ ಮುಟ್ಟುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿಯೂ ಇಳಕಲ್ಲಿನ ನೇಕಾರರ ಮನೆಯೂ ಚಿಕ್ಕಮಗಳೂರಿನ ಮನೆಯೂ ಇವೆ.

ಸ್ಥಳಾಂತರದ ವಿಧಾನ ಲೆಕ್ಕಪತ್ರದಷ್ಟೇ ಕಟ್ಟುನಿಟ್ಟಾದದ್ದು. ಅಳತೆಯ ನಕ್ಷೆ, ಛಾಯಾಚಿತ್ರ, ಪ್ರತಿಯೊಂದು ಮರಕ್ಕೂ ಸಂಖ್ಯೆ, ಕಳಚಿದ ಕ್ರಮದ ಟಿಪ್ಪಣಿ. ಕಟ್ಟುವಾಗ ಆ ಕ್ರಮವನ್ನು ಹಿಮ್ಮೊಗವಾಗಿ ಅನುಸರಿಸಬೇಕು. ಹಾಗೆ ಮಾಡಿದರೂ ಗದ್ದೆ, ತೋಡು, ಬಾವಿ, ದೈವದ ಸ್ಥಾನಗಳೊಂದಿಗಿನ ನಂಟು ಕಳಚಿಹೋಗುತ್ತದೆ. ಕಣಜವು ಗದ್ದೆಯಿಂದ ಬೇರ್ಪಟ್ಟರೆ ಅಂದವಾದ ಪೆಟ್ಟಿಗೆಯಷ್ಟೇ. ಸ್ಥಳದಲ್ಲಿ ಉಳಿಸುವ ಯಾವ ದಾರಿಯೂ ಇಲ್ಲದಾಗ ಮಾತ್ರ ಇದು ಸಲ್ಲುವ ಉಪಾಯ. 1984ರಲ್ಲಿ ಸ್ಥಾಪಿತವಾದ ಇಂಟ್ಯಾಕ್ ಸಂಸ್ಥೆಯು 2004ರಲ್ಲಿ ಅಂಗೀಕರಿಸಿದ ಸನ್ನದು ಇಂತಹ ಅಸಂರಕ್ಷಿತ ಪರಂಪರೆಗೆಂದೇ ರೂಪುಗೊಂಡದ್ದು. ಪಾರಂಪರಿಕ ಕುಶಲಕರ್ಮಿಗಳ ಜ್ಞಾನಕ್ಕೆ ಅದು ವಿಶೇಷ ಸ್ಥಾನ ಕೊಡುತ್ತದೆ.

ಕಟ್ಟಡಕ್ಕೆ ಹೊಸ ಕೆಲಸ

ಜಪಾನಿನ ಶಿರಕಾವಾ ಗ್ರಾಮದಲ್ಲಿ ಕಡಿದಾದ ಹುಲ್ಲಿನ ಮಾಡಿನ ರೈತಮನೆಗಳಿವೆ. ಅವುಗಳ ಅಟ್ಟಗಳಲ್ಲಿ ಹಿಂದೆ ರೇಷ್ಮೆಹುಳು ಸಾಕುತ್ತಿದ್ದರು. ಆ ಕಸುಬು ಕುಂದಿ ಮನೆಗಳು ಒಂದೊಂದಾಗಿ ಕಣ್ಮರೆಯಾಗತೊಡಗಿದಾಗ, 1971ರಲ್ಲಿ ಒಗಿಮಾಚಿಯ ನಿವಾಸಿಗಳೇ ಸಭೆ ಸೇರಿ ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ ಎಂಬ ಮೂರು ಕಟ್ಟಳೆಗಳನ್ನು ಹಾಕಿಕೊಂಡರು. 1995ರಲ್ಲಿ ಆ ಗ್ರಾಮ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸರಕಾರಿ ಆಜ್ಞೆಗಿಂತ ಮೊದಲು ಊರಿನ ಒಪ್ಪಂದ ಬಂದದ್ದು ಅಲ್ಲಿನ ವಿಶೇಷ. ಪಾಲುದಾರರು ಹಲವರಿರುವ ನಮ್ಮ ಕುಟುಂಬದ ಮನೆಗಳಿಗೂ ಮೊದಲು ಬೇಕಾದುದು ಅಂತಹ ಲಿಖಿತ ಒಪ್ಪಂದವೇ: ಮನೆ ಯಾರ ಹೆಸರಿಗೆ, ಮಾಡಿನ ವಾರ್ಷಿಕ ಖರ್ಚು ಯಾರಿಂದ, ಆದಾಯ ಬಂದರೆ ಹೇಗೆ ಹಂಚಿಕೆ. ಇದು ಇತ್ಯರ್ಥವಾಗದೆ ಹಂಚು ಕೊಳ್ಳಲು ಹೋಗುವುದು ವ್ಯರ್ಥ.

ಆದಾಯದ ಮಾತು ಬಂದಾಗ ತಂಗುಮನೆಯ ಯೋಚನೆ ಎಲ್ಲರಿಗೂ ಹೊಳೆಯುತ್ತದೆ. ಕೊಡಗು, ಚಿಕ್ಕಮಗಳೂರುಗಳಲ್ಲಿ ಅದು ಕೆಲವರಿಗೆ ಒದಗಿಬಂದಿದೆ. ಆದರೆ ಪ್ರತಿ ಕೋಣೆಗೂ ಸ್ನಾನಗೃಹವೆಂದು ಮರದ ಅಂತಸ್ತಿನ ಮೇಲೆ ನೀರಿನ ಕೊಳವೆ ಎಳೆದರೆ, ನೂರು ವರ್ಷದ ಮಳೆ ಮಾಡದ ಹಾನಿಯನ್ನು ಒಂದು ಸೋರುವ ಕೀಲು ಮಾಡುತ್ತದೆ. ಸ್ನಾನಗೃಹಗಳನ್ನು ಹಿಂಬದಿಯ ಬಚ್ಚಲಿನ ಜಾಗದಲ್ಲಿ ಪ್ರತ್ಯೇಕವಾಗಿ ಕಟ್ಟುವುದು ಜಾಣತನ. ಹಳೆಯ ತಂತಿಗಳನ್ನು ಪೂರ್ಣ ಬದಲಿಸದೆ ಅತಿಥಿಗಳನ್ನು ಸೇರಿಸಬಾರದು. ಮರದ ಮನೆಗೆ ಬೆಂಕಿಯೇ ಮೊದಲ ಶತ್ರು.

ಕಣಜ, ಕೊಟ್ಟಿಗೆಗಳಿಗೆ ಇನ್ನೂ ಸರಳವಾದ ಉಪಯೋಗವಿದೆ. ಧಾನ್ಯದ ಭಾರಕ್ಕೆಂದು ಕಟ್ಟಿದ ಕಣಜದ ಅಂಕಣ ಒಣ ಸರಕಿನ ಉಗ್ರಾಣಕ್ಕೆ ಚೆನ್ನಾಗಿ ಒಗ್ಗುತ್ತದೆ: ಸುಲಿದ ಅಡಿಕೆ, ಕಾಳುಮೆಣಸು, ಏಲಕ್ಕಿ. ಗಾಳಿಯಾಡುವ ಕೊಟ್ಟಿಗೆಯು ಪೊಟ್ಟಣ ಕಟ್ಟುವ, ಹಪ್ಪಳ ಸಂಡಿಗೆ ತಯಾರಿಸುವ ಗೃಹೋದ್ಯಮಕ್ಕೆ ಸಾಕು. ಹೊಸ ಗೋದಾಮು ಕಟ್ಟಲು ಸಾಲ ಮಾಡುವ ಮುನ್ನ ಹಿತ್ತಿಲಿನ ಕಣಜದ ಕೀಲಿಯನ್ನು ಒಮ್ಮೆ ತೆಗೆದು ನೋಡಿದವರು ಕೆಲವರಾದರೂ ಖರ್ಚು ಉಳಿಸಿದ್ದಾರೆ.

ಕೆಲಸಕ್ಕೆ ಕೈಹಚ್ಚುವವರು ಕಾಲವನ್ನು ನೋಡಿಕೊಳ್ಳಬೇಕು. ದೀಪಾವಳಿ ಕಳೆದ ಮೇಲೆ ಮೊದಲು ಮನೆಯ ಸುತ್ತಲಿನ ಚರಂಡಿ ಬಿಡಿಸಿ, ಗೋಡೆಯ ಬುಡಕ್ಕೆ ನೀರು ನಿಲ್ಲದಂತೆ ಮಾಡಬೇಕು. ಬಳಿಕ ಮಾಡು, ಮರ, ಗಿಲಾವು ಕೊನೆಗೆ. ಸುಣ್ಣ ಗಟ್ಟಿಯಾಗಲು ಮಳೆಗೆ ಮುನ್ನ ಎರಡು ತಿಂಗಳಾದರೂ ಬಿಡುವಿರಲಿ. ಮೇ ಕೊನೆಯಲ್ಲಿ ಬರುವ ಪತ್ತನಾಜೆಯ ಹೊತ್ತಿಗೆ ಮಾಡಿನ ಮೇಲೆ ಒಂದು ಹಂಚೂ ಬಾಕಿ ಇರಬಾರದು. ಬಾಕಿ ಉಳಿಯುವ ಸಂಭವವಿದ್ದರೆ ಆ ಭಾಗವನ್ನು ಆ ವರ್ಷ ಬಿಚ್ಚದಿರುವುದೇ ಲೇಸು.